ಮಕರವೂ ಚೀನಾದ ಡ್ರ್ಯಾಗನ್ನೂ: ಮಕ್ಕಳಿಗೆ ಚಿತ್ರ ಕಲಿಸುವ ಒಂದು ಕ್ರಮ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

'ಡ್ರ್ಯಾಗನ್' ಎಂಬ ಶಬ್ದಕ್ಕೆ ಕನ್ನಡದಲ್ಲಿ ಒಂದು ಸಮಾನ ಪದ ಹೇಳಿರೆಂದು ಯಾರಾದರೂ ಕೇಳಿದರೆ ನಾವು ತಡವರಿಸುತ್ತೇವೆ. ಬೈಬಲನ್ನು ಕನ್ನಡಕ್ಕೆ ತಂದವರು 'ಘಟಸರ್ಪ' ಎಂದು ಬಳಸಿದರು. ಸೊಗಸಾದ ಮಾತೇ, ಆದರೆ ಅದು ಯೂರೋಪಿನ ಡ್ರ್ಯಾಗನ್ನಿಗೆ ಒಪ್ಪುವಂತೆ ಚೀನಾ ದೇಶದ್ದಕ್ಕೆ ಒಪ್ಪುವುದಿಲ್ಲ. ಯೂರೋಪಿನದು ಬೆಂಕಿಯುಗುಳುವ, ಗುಹೆಯೊಳಗೆ ಹೊನ್ನಿನ ರಾಶಿಯನ್ನು ಕಾಯುವ, ಕೊನೆಗೆ ಯಾವನೋ ಒಬ್ಬ ವೀರನ ಕೈಯಲ್ಲಿ ಸಾಯುವ ದುಷ್ಟಪ್ರಾಣಿ. ಚೀನೀಯರು 'ಲೊಂಗ್' ಎಂದು ಕರೆಯುವುದು ಹಾಗಲ್ಲ. ಅದು ನೀರಿನ ಪ್ರಾಣಿ, ಮೋಡದ ಪ್ರಾಣಿ, ಮಳೆ ಕೊಡುವ ಮಂಗಳಕರವಾದ ಪ್ರಾಣಿ. ಸುಮಾರು ಕ್ರಿ.ಶ. 100ರಲ್ಲಿ ಷೂ ಷೆನ್ ಎಂಬ ಪಂಡಿತನು ರಚಿಸಿದ ನಿಘಂಟಿನಲ್ಲಿ, ಇದು ವಸಂತದ ಸಮರಾತ್ರಿಗೆ ಆಕಾಶಕ್ಕೇರಿ, ಶರತ್ಕಾಲದ ಸಮರಾತ್ರಿಗೆ ಆಳವಾದ ಮಡುವಿಗಿಳಿಯುವುದೆಂದು ಹೇಳಿದೆ. ಅಂದರೆ ರೈತನ ಪಂಚಾಂಗವನ್ನೇ ಒಂದು ಪ್ರಾಣಿಯನ್ನಾಗಿ ಮಾಡಿದಂತೆ ಅದು.

ಈ ವಿಷಯವನ್ನು ನಾನು ಓದಬೇಕಾಗಿ ಬಂದುದು ಮಕ್ಕಳ ದೆಸೆಯಿಂದ. ನಮ್ಮ ಊರು ಹಾಸನದ ಹತ್ತಿರದ ಮೊಸಳೆ. ಕಳೆದ ಎರಡು ಬೇಸಗೆ ರಜೆಗಳಲ್ಲಿ ಊರಿನ ಹತ್ತು ಹನ್ನೆರಡು ಮಕ್ಕಳನ್ನು ಸಂಜೆಯ ಹೊತ್ತು ಕೂಡಿಸಿಕೊಂಡು ಚಿತ್ರ ಬರೆಯಿಸುತ್ತಿದ್ದೆ. ಚಿತ್ರಕಲೆಯಲ್ಲಿ ನಾನು ಯಾವ ಪರೀಕ್ಷೆಯನ್ನೂ ಮಾಡಿದವಳಲ್ಲ. ಕೈಗೆ ಅಭ್ಯಾಸವಿದೆ, ಅಷ್ಟೆ. ಏನು ಬರೆಯೋಣವೆಂದು ಕೇಳಿದರೆ ಹುಡುಗರೆಲ್ಲ ಒಂದೇ ಕೊರಳಿನಿಂದ "ಡ್ರ್ಯಾಗನ್ ಅಕ್ಕಾ!" ಎಂದರು. ಅದು ಅವರಿಗೆ ದೂರದರ್ಶನದ ಕಾರ್ಟೂನಿನಿಂದ, ನೋಟುಪುಸ್ತಕದ ರಟ್ಟಿನಿಂದ, ಮೊಬೈಲಿನ ಆಟದಿಂದ ಪರಿಚಯ. (ನಮ್ಮ ಊರಿನ ದೊಡ್ಡವರಿಗೆ ಗೊತ್ತಿರುವ ಡ್ರ್ಯಾಗನ್ ಎಂದರೆ ಹಣ್ಣು, ಅದರ ಪೇಟೆಯ ಧಾರಣೆಯನ್ನು ಮಾತ್ರ ಅವರು ವಿಚಾರಿಸುತ್ತಾರೆ.) ಒಬ್ಬ ಹುಡುಗ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ನಡುವೆ ಇಟ್ಟ. ಅರ್ಧ ಗಂಟೆಯಲ್ಲಿ ಹತ್ತು ಹಾಳೆಗಳ ಮೇಲೆ ಒಂದೇ ಪ್ರಾಣಿ ಹತ್ತು ಬಗೆಯಾಗಿ ಸೊಟ್ಟಗೆ ಬಂದಿತು. ಪ್ರತಿಯೊಬ್ಬರೂ ಮೂಲದೊಡನೆ ಹೋಲಿಸಿ ನೋಡಿ ತಮ್ಮದನ್ನು ಅಳಿಸಿದರು.

ನಕಲು ಮಾಡಿಸಿದರೆ ಮಗುವಿಗೆ ತನ್ನ ಕೊರತೆಯೊಂದೇ ಕಾಣುತ್ತದೆ. ಹಾಗಾದರೆ ಚೀನೀಯರು ತಮ್ಮ ಮಕ್ಕಳಿಗೆ, ಶಿಷ್ಯರಿಗೆ ಇದನ್ನು ಹೇಗೆ ಕಲಿಸಿದರು? ಅವರಾದರೂ ಕಣ್ಣಾರೆ ಕಂಡ ಪ್ರಾಣಿಯಲ್ಲವಷ್ಟೆ. ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹನ್ನೊಂದನೆಯ ಶತಮಾನದ ಗುವೊ ರುವೊಶೂ ಎಂಬ ಚಿತ್ರಕಲಾ ವಿಮರ್ಶಕನಲ್ಲಿ. ಡ್ರ್ಯಾಗನ್ ಬರೆಯುವವನು ಅರಿತಿರಬೇಕಾದುದು ಮೂರು ನಿಲುಗಡೆ ಮತ್ತು ಒಂಬತ್ತು ಹೋಲಿಕೆ ಎಂದು ಅವನು ಹೇಳುತ್ತಾನೆ. ತಲೆಯಿಂದ ಭುಜ, ಭುಜದಿಂದ ಸೊಂಟ, ಸೊಂಟದಿಂದ ಬಾಲ, ಇವು ಮೂರು ನಿಲುಗಡೆ. ಒಂಬತ್ತು ಹೋಲಿಕೆಗಳೆಂದರೆ: ಕೊಂಬು ಜಿಂಕೆಯದು, ತಲೆ ಒಂಟೆಯದು, ಕಣ್ಣು ಭೂತದ್ದು, ಕುತ್ತಿಗೆ ಹಾವಿನದು, ಹೊಟ್ಟೆ ಕಪ್ಪೆಚಿಪ್ಪಿನದು, ಹುರುಪೆ ಮೀನಿನದು, ಉಗುರು ಗಿಡುಗನದು, ಅಂಗಾಲು ಹುಲಿಯದು, ಕಿವಿ ದನದ್ದು. ಇದೇ ಪಟ್ಟಿ ಲಿ ಷಿಝೆನ್ನನ 1596ರ ಔಷಧಿಗ್ರಂಥದಲ್ಲಿಯೂ ಬರುತ್ತದೆ. ಅಲ್ಲಿ ಕಣ್ಣು ಮೊಲದ್ದಾಗಿದೆ, ಹುರುಪೆ ಗೆಂಡೆಮೀನಿನದೆಂದು ಸ್ಪಷ್ಟವಾಗಿದೆ, ಬೆನ್ನಿನ ಮೇಲಿನ ಹುರುಪೆಗಳು ಒಂಬತ್ತೊಂಬತ್ತಲೆ ಎಂಬತ್ತೊಂದೆಂದು ಲೆಕ್ಕವೂ ಇದೆ. ನಮ್ಮ ಹುಡುಗರಿಗೆ ಈ ಲೆಕ್ಕ ಬಹಳ ಹಿಡಿಸಿತು. ಒಂಬತ್ತರ ಮಗ್ಗಿ ಬಾರದವನೂ ಎಂಬತ್ತೊಂದು ಹುರುಪೆಗಳನ್ನು ಎಣಿಸಿ ಎಣಿಸಿ ಬರೆದ.

ವಾಚಕರು ಈ ಪಟ್ಟಿಯನ್ನು ಸ್ವಲ್ಪ ಗಮನಿಸಬೇಕು. ಕಂಡಿಲ್ಲದ ಪ್ರಾಣಿಯನ್ನು ಕಂಡ ಪ್ರಾಣಿಗಳಿಂದ ಕಟ್ಟುವ ವಿಧಾನ ಇದು. ದನದ ಕಿವಿಯನ್ನು ಸರಿಯಾಗಿ ನೋಡಿದವನು ಮಾತ್ರ ಡ್ರ್ಯಾಗನ್ನಿನ ಕಿವಿಯನ್ನು ಬರೆಯಬಲ್ಲ. ಹಾಗಿದ್ದ ಮೇಲೆ ದನದ ಕಿವಿ ನಮ್ಮ ಮಕ್ಕಳಿಗಿಂತ ಯಾರಿಗೆ ಚೆನ್ನಾಗಿ ಗೊತ್ತು?

ಮಾರನೆಯ ಸಂಜೆ ಮೊಬೈಲನ್ನು ಒಳಗಿಡಿಸಿ, ಒಂಬತ್ತು ಹೋಲಿಕೆಗಳನ್ನು ಓದಿ ಹೇಳಿದೆ. ಒಂಟೆಯನ್ನು ಕಂಡವರು ಇಬ್ಬರೇ, ಅದೂ ಜಾತ್ರೆಯಲ್ಲಿ. ಉಳಿದವರು ಒಂಟೆಯ ಬದಲು ಕುರಿಯ ಮೋರೆ ಆಗಬಹುದೇ ಎಂದು ಕೇಳಿದರು. ಜಿಂಕೆಯ ಕೊಂಬಿನ ವಿಷಯದಲ್ಲಿ ಒಬ್ಬ ಹುಡುಗ ಖಂಡಿತವಾಗಿ ಹೇಳಿದ: "ನಮ್ಮ ಹಳ್ಳಿಕಾರ್ ಎತ್ತಿನ ಕೊಂಬೇ ಸಾಕು ಅಕ್ಕ. ಹಿಂದಕ್ಕೆ ಬಾಗಿರುತ್ತೆ, ಓಡುವಾಗ ಗಾಳಿ ಹೊಡೆದ ಹಾಗೆ ಕಾಣುತ್ತೆ." ಅವನ ಮಾತು ನಿಜ. ಚೀನೀ ಚಿತ್ರಗಳಲ್ಲಿಯೂ ಕೊಂಬು ಹಿಂದಕ್ಕೇ ಬಾಗಿರುವುದು, ವೇಗ ತೋರುವುದಕ್ಕಾಗಿ. ಆ ಹುಡುಗ ತರಗತಿಯಲ್ಲಿ ಹಿಂದಿನ ಸಾಲಿನವನು. ಓದಲು ಎಬ್ಬಿಸಿದರೆ ನೆಲ ನೋಡುವವನು. ಆ ಸಂಜೆ ಉಳಿದವರೆಲ್ಲ ಕೊಂಬಿನ ಬುಡ ಎಲ್ಲಿ ಹುಟ್ಟುತ್ತದೆ, ಕಿವಿಯ ಮುಂದೋ ಹಿಂದೋ ಎಂದು ಅವನನ್ನೇ ಕೇಳಿ ತಿಳಿದುಕೊಂಡರು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು. ನಮ್ಮಂಥ ಮನೆಗಳ ಮಕ್ಕಳು ಶಾಲೆಗೆ ಹೋಗುವಾಗ ಒಂದು ಭಾವನೆಯನ್ನು ಹೊತ್ತೇ ಹೋಗುತ್ತೇವೆ. ಮನೆಯಲ್ಲಿ ಕಂಡದ್ದು, ಹೊಲದಲ್ಲಿ ಕಂಡದ್ದು ವಿದ್ಯೆಯಲ್ಲ. ವಿದ್ಯೆಯೆಂಬುದು ಬೇರೆ ಕಡೆ ಇದೆ, ನಾವು ಬರಿಗೈಯಲ್ಲಿ ಹೋಗಿ ಅದನ್ನು ತರಬೇಕು ಎಂದು. ಡ್ರ್ಯಾಗನ್ನಿನ ಪಾಠದಲ್ಲಿ ನನಗೆ ಹೆಚ್ಚಾಗಿ ಕಂಡುದು ಇದೇ. ಚೀನಾ ದೇಶದ ಪಂಡಿತನೊಬ್ಬನು ಹನ್ನೊಂದನೆಯ ಶತಮಾನದಲ್ಲಿ ಬರೆದ ನಿಯಮವನ್ನು ಪಾಲಿಸಬೇಕಾದರೆ ನಮ್ಮ ಹುಡುಗ ತನ್ನ ಕೊಟ್ಟಿಗೆಗೇ ಹೋಗಿ ನೋಡಿ ಬರಬೇಕಾಯಿತು.

ಇನ್ನು ನಮ್ಮ ಮಕರದ ವಿಷಯ. ಊರಿನ ಹೆಸರೇ ಮೊಸಳೆಯಾದ್ದರಿಂದ ಒಬ್ಬ ಹುಡುಗಿ, "ನಮ್ಮ ದೇಶದಲ್ಲಿ ಡ್ರ್ಯಾಗನ್ ಇರಲಿಲ್ವಾ ಅಕ್ಕ?" ಎಂದು ಕೇಳಿದಳು. ಇತ್ತು. ಸಂಸ್ಕೃತದಲ್ಲಿ ಮಕರವೆಂದರೆ ಮೊಸಳೆಯೂ ಹೌದು, ಶಿಲ್ಪಿಗಳು ಕಡೆದ ಆ ವಿಚಿತ್ರ ಜಲಚರವೂ ಹೌದು. ಇದು ವರುಣನ ವಾಹನ, ಗಂಗೆಯ ವಾಹನ, ಮನ್ಮಥನ ಬಾವುಟದ ಗುರುತು, ವಿಷ್ಣುವಿನ ಕಿವಿಯ ಕುಂಡಲ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಅಂದರೆ ನಮ್ಮ ಶಿಲ್ಪಿಯೂ ಹೋಲಿಕೆಗಳಿಂದಲೇ ಕಟ್ಟಿದ.

ನಮ್ಮ ಊರಿನಲ್ಲಿ ಕ್ರಿ.ಶ. 1200ರ ಸುಮಾರಿನ, ಇಮ್ಮಡಿ ವೀರಬಲ್ಲಾಳನ ಕಾಲದ ಎರಡು ಗುಡಿಗಳು ಅಕ್ಕಪಕ್ಕದಲ್ಲಿವೆ. ಒಂದು ನಾಗೇಶ್ವರನದು, ಇನ್ನೊಂದು ಚೆನ್ನಕೇಶವನದು. ಅವಳಿಮಕ್ಕಳಂತೆ ಒಂದನ್ನೊಂದು ಹೋಲುತ್ತವೆ. ಇವುಗಳನ್ನು ಕಟ್ಟಿದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿ ಬಿಸಿಲಿಗೆ ಬರಬರುತ್ತ ಗಟ್ಟಿಯಾಗುವ ಕಲ್ಲು ಅದು. ಸ್ಲೇಟಿನ ಮೇಲೆ ಬರೆಯುವ ಬಳಪವೂ ಗುಡಿಯ ಗೋಡೆಯೂ ಒಂದೇ ಜಾತಿಯ ಕಲ್ಲೆಂದು ಹೇಳಿದಾಗ ಮಕ್ಕಳು ನಂಬಲಿಲ್ಲ.

ಆದರೆ ಮಕರಗಳನ್ನು ಸಾಲುಸಾಲಾಗಿ ನೋಡಬೇಕಾದರೆ ಹಳೇಬೀಡಿಗೇ ಹೋಗಬೇಕು. ಒಂದು ದಿನ ಇಬ್ಬರು ತಾಯಂದಿರನ್ನೂ ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಹೋದೆವು. 1121ರ ಸುಮಾರಿಗೆ ಆರಂಭವಾದ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿ ಎಂಟು ಪಟ್ಟಿಕೆಗಳಿವೆ. ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣಕಥೆಗಳು, ಅದರ ಮೇಲೆ ಏಳನೆಯದಾಗಿ ಮಕರ, ಎಂಟನೆಯದಾಗಿ ಹಂಸ. ಪ್ರವಾಸಿಗರು ಬಾಗಿ ಆನೆಗಳನ್ನು ಎಣಿಸುತ್ತಾರೆ, ತಲೆಯೆತ್ತಿ ದೇವರುಗಳನ್ನು ನೋಡುತ್ತಾರೆ. ನಡುವಿನ ಮಕರವನ್ನು ನೋಡುವವರು ವಿರಳ. ನಮ್ಮ ಮಕ್ಕಳು ಅಂದು ಬೇರೆ ಏನನ್ನೂ ನೋಡಲಿಲ್ಲವೆಂದರೆ ತಪ್ಪಲ್ಲ. ಪ್ರತಿಯೊಬ್ಬರಿಗೂ ಒಂದೊಂದು ಮಕರವನ್ನು ಹಂಚಿಕೊಟ್ಟು, ಬರೆಯದೆ ಬರೀ ನೋಡಿರೆಂದು ಹೇಳಿದೆ. ಬಾಲ ಮಾತ್ರ ಯಾರಿಗೂ ಹಿಡಿತಕ್ಕೆ ಸಿಗಲಿಲ್ಲ. ಅದು ನವಿಲಿನ ಗರಿಯಂತೆ ಹೊರಟು, ಬಳ್ಳಿಯಂತೆ ಸುರುಳಿ ಸುತ್ತಿ, ಎಲ್ಲಿ ಪ್ರಾಣಿ ಮುಗಿದು ಎಲ್ಲಿ ಸಸ್ಯ ಆರಂಭವಾಯಿತೆಂದು ತಿಳಿಯದಂತೆ ಆಗಿಬಿಡುತ್ತದೆ. ದಕ್ಷಿಣದ ಬಾಗಿಲ ಮೇಲೆ ನರ್ತಿಸುವ ಶಿವನ ಎರಡು ಬದಿಗೂ ಇರುವ ದೊಡ್ಡ ಮಕರಗಳನ್ನು ಕಂಡಾಗ ಮಾತ್ರ ಎಲ್ಲರೂ ಸುಮ್ಮನಾದರು. ಅವುಗಳ ಮೇಲೆ ವರುಣನೂ ಅವನ ಮಡದಿಯೂ ಕುಳಿತಿದ್ದಾರೆ.

ಮಕರಕ್ಕೂ ಲೊಂಗ್‌ಗೂ ಸಂಬಂಧವಿದೆಯೇ ಎಂದು ಅಧ್ಯಾಪಕರು ಕೇಳಬಹುದು. ಎರಡೂ ಒಂದೇ ಎಂದು ಹೇಳುವುದು ಸಲ್ಲದು. ಚೀನಾದ ಡ್ರ್ಯಾಗನ್ ಬೌದ್ಧಧರ್ಮ ಅಲ್ಲಿಗೆ ಹೋಗುವುದಕ್ಕಿಂತ ಎಷ್ಟೋ ಹಿಂದಿನದು. ಆದರೆ ಬೌದ್ಧಗ್ರಂಥಗಳನ್ನು ಚೀನೀ ಭಾಷೆಗೆ ತಿರುಗಿಸಿದವರು ನಮ್ಮ 'ನಾಗ' ಶಬ್ದ ಬಂದಲ್ಲೆಲ್ಲ 'ಲೊಂಗ್' ಎಂದೇ ಬರೆದರು. ನಾಗರಾಜನು ಅಲ್ಲಿ ಡ್ರ್ಯಾಗನ್ ರಾಜನಾದ. ಕಡಲಿನ ತಳದ ಅರಮನೆಯಲ್ಲಿ ಕುಳಿತು ಮಳೆ ಕಳಿಸುವವನಾದ. ನಮ್ಮ ಮಕರವೂ 'ಮೊಜಿಯೆ' ಎಂಬ ಹೆಸರಿನಿಂದ ಅಲ್ಲಿಗೆ ಹೋಗಿ ಟಾಂಗ್ ವಂಶದ ಕಾಲದ ಬೆಳ್ಳಿಯ ಪಾತ್ರೆಗಳ ಮೇಲೆ ಈಜಾಡಿತು. ಈ ದೃಷ್ಟಿಯಿಂದ ನೋಡಿದರೆ, ಮೊಸಳೆ ಎಂಬ ಹೆಸರಿನ ಊರಿನಲ್ಲಿ ನಾಗೇಶ್ವರನ ಗುಡಿಯ ಪಕ್ಕದಲ್ಲಿ ಕುಳಿತ ಮಕ್ಕಳಿಗೆ ಡ್ರ್ಯಾಗನ್ ತೀರ ಪರದೇಶದ್ದೇನೂ ಅಲ್ಲ.

ಪಾಠದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುತ್ತೇನೆ. ಮುಂದೆ ಉಪಾಧ್ಯಾಯರಾಗಬೇಕೆಂದಿರುವ ಸಹಪಾಠಿಗಳಿಗೆ ಉಪಯೋಗವಾದೀತು. ಮೊದಲು ಕಾಗದವೇ ಬೇಡ. ಬಾವಿಯ ಹಗ್ಗವನ್ನು ಕಣದ ಮೇಲೆ ಹಾಸಿ, ಒಂದು ತುದಿ ಹಿಡಿದು ಒಮ್ಮೆ ಜಾಡಿಸಬೇಕು. ಅಲೆ ಹೊರಟು ಹೋಗಿ ಹಗ್ಗ ಒಂದು ವಕ್ರರೇಖೆಯಾಗಿ ಬೀಳುತ್ತದೆ. ಅದೇ ಡ್ರ್ಯಾಗನ್ನಿನ ಬೆನ್ನು. ಹತ್ತು ಸಲ ಜಾಡಿಸಿದರೆ ಹತ್ತು ಬೆನ್ನು ಸಿಗುತ್ತವೆ. ಚೆನ್ನಾಗಿ ಬಿದ್ದುದನ್ನು ಮಕ್ಕಳೇ ಆರಿಸಲಿ. ಅದರ ಮೇಲೆ ಭುಜದ ಬಳಿ ಒಂದು ಕಲ್ಲು, ಸೊಂಟದ ಬಳಿ ಒಂದು ಕಲ್ಲು ಇಟ್ಟರೆ ಮೂರು ನಿಲುಗಡೆ ಆಯಿತು. ಹಗ್ಗದ ಸುತ್ತ ಸುಣ್ಣದ ಪುಡಿಯಿಂದ ಗೆರೆ ಎಳೆದು ಹಗ್ಗವನ್ನು ತೆಗೆದರೆ ಇಪ್ಪತ್ತು ಅಡಿಯ ಒಂದು ಡ್ರ್ಯಾಗನ್ ನೆಲದ ಮೇಲೆ ಮಲಗಿರುತ್ತದೆ. ಮಗು ಅದರ ಮೈಯುದ್ದಕ್ಕೂ ನಡೆದು ಬಂದ ಮೇಲೆ ಹಾಳೆಯ ಮೇಲೆ ಬರೆಯುವಾಗ ಕೈ ಹೆದರುವುದಿಲ್ಲ.

ಮಸಿಯನ್ನು ನಾವೇ ಮಾಡಿಕೊಂಡೆವು. ಹರಳೆಣ್ಣೆಯ ದೀಪದ ಮೇಲೆ ಮಡಕೆಯ ಚೂರು ಕವುಚಿಟ್ಟು ಕಾಡಿಗೆ ಹಿಡಿದು, ಜಾಲಿಯ ಗೋಂದಿನ ನೀರಿನಲ್ಲಿ ಅರೆದರೆ ಮಸಿ. ಚೀನೀಯರ ಪ್ರಸಿದ್ಧವಾದ ಮಸಿಯೂ ಕಾಡಿಗೆ ಮತ್ತು ಅಂಟು, ಇವೆರಡೇ. ಅವರ ಅಂಟು ಪ್ರಾಣಿಯ ಚರ್ಮದ್ದು. ಕುಂಚಕ್ಕೆ ಈಚಲ ಕಡ್ಡಿಯ ತುದಿಯನ್ನು ಜಜ್ಜಿದರೆ ಸಾಕು. ಬಣ್ಣಕ್ಕೆ ಕೆಮ್ಮಣ್ಣು, ಅರಿಸಿನ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು. ಕಾಗದ ಮುಗಿದ ದಿನ ನಮ್ಮ ಹಿರಿಯರ ಕಡತದ ವಿದ್ಯೆಯನ್ನು ಪ್ರಯೋಗ ಮಾಡಿದೆವು. ಹಳೆಯ ಬಟ್ಟೆಗೆ ಹುಣಸೆಬೀಜದ ಅಂಬಲಿ ಮತ್ತು ಇದ್ದಿಲ ಪುಡಿ ಬಳಿದು ಒಣಗಿಸಿ, ಆ ಕಪ್ಪಿನ ಮೇಲೆ ಬಳಪದಿಂದ ಬರೆಯುವುದು. ವ್ಯಾಪಾರದ ಲೆಕ್ಕ ಬರೆಯುತ್ತಿದ್ದ ವಸ್ತು ಅದು. ಕಪ್ಪು ಮೋಡದಲ್ಲಿ ಬೆಳ್ಳನೆಯ ಡ್ರ್ಯಾಗನ್ ಬರೆಯುವುದಕ್ಕೂ ಹೇಳಿಮಾಡಿಸಿದಂತಿತ್ತು.

ಎಲ್ಲಕ್ಕಿಂತ ಕಷ್ಟವಾದುದು ಮೋಡ. ಕೊಂಬು, ಕಿವಿ, ಉಗುರು ಎಲ್ಲವನ್ನೂ ಇಷ್ಟು ಶ್ರಮಪಟ್ಟು ಕಲಿತ ಮಕ್ಕಳು ಯಾವುದನ್ನೂ ಮರೆಮಾಡಲು ಒಪ್ಪುವುದಿಲ್ಲ. ಚೀನೀ ಚಿತ್ರಕಾರನು ಮಾಡುವುದು ಅದಕ್ಕೆ ವಿರುದ್ಧ. ಚೆನ್ ರೊಂಗ್ ಎಂಬವನು 1244ರಲ್ಲಿ ಬರೆದ 'ಒಂಬತ್ತು ಡ್ರ್ಯಾಗನ್ನುಗಳು' ಎಂಬ ಸುರುಳಿಚಿತ್ರ ಈಗ ಅಮೆರಿಕದ ಬಾಸ್ಟನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ಹನ್ನೊಂದು ಮೀಟರು ಉದ್ದದ ಆ ಚಿತ್ರದಲ್ಲಿ ಒಂದು ಕಡೆ ಪಂಜ, ಒಂದು ಕಡೆ ತಲೆ, ನಡುವೆಲ್ಲ ಮಂಜು, ನೀರು, ಸುಳಿ. ಈತ 1235ರಲ್ಲಿ ಸಾಮ್ರಾಜ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರ್ಕಾರಿ ಅಧಿಕಾರಿಯಾಗಿದ್ದವನು. ಕುಡಿದ ಅಮಲಿನಲ್ಲಿ ಕೂಗುತ್ತ ತನ್ನ ಟೊಪ್ಪಿಗೆಯನ್ನೇ ಮಸಿಯಲ್ಲಿ ಅದ್ದಿ ಮೋಡಗಳನ್ನು ಬಳಿಯುತ್ತಿದ್ದನೆಂದು ಪ್ರತೀತಿ. (ಅಮಲಿನ ಸಂಗತಿಯನ್ನು ಮಕ್ಕಳಿಗೆ ಹೇಳಲಿಲ್ಲ; ಟೊಪ್ಪಿಗೆಯ ಸಂಗತಿಯನ್ನು ಹೇಳಿದ್ದಕ್ಕೇ ಒಂದು ಟವಲು ಹಾಳಾಯಿತು.) ಅವನು ಇದನ್ನು ಬರೆಯುತ್ತಿದ್ದ ಕಾಲಕ್ಕೆ ಇತ್ತ ಹೊಯ್ಸಳ ಸೋಮೇಶ್ವರನು ಆಳುತ್ತಿದ್ದನೆಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ನೆನೆಯಬಹುದು.

ಮೋಡವನ್ನು ಕಲಿಸಿದ್ದು ನಾನಲ್ಲ, ಮುಂಗಾರಿಗೆ ಮುಂಚಿನ ಮಳೆ. ಮೇ ತಿಂಗಳ ಕೊನೆ. ಆಲೂಗೆಡ್ಡೆಯ ಬಿತ್ತನೆಗೆ ಎಲ್ಲರೂ ಆಕಾಶ ನೋಡುತ್ತಿದ್ದ ದಿನಗಳು. ಪಶ್ಚಿಮದಿಂದ ಮೋಡ ಎದ್ದಿತು. ಅದರೊಳಗೆ ಮಿಂಚು ಒಂದು ಕಡೆ ಕಾಣಿಸಿ, ಮರೆಯಾಗಿ, ಮತ್ತೊಂದು ಕಡೆ ಕಾಣಿಸಿತು. "ನೋಡಿ, ಅದರ ಮೈಯೆಲ್ಲ ಕಾಣುತ್ತಿದೆಯೇ?" ಎಂದು ಕೇಳಿದೆ. ಮರುದಿನ ಒಬ್ಬಳು ಬರೆದ ಹಾಳೆಯಲ್ಲಿ ಮೂರು ಪಾಲು ಬರಿಯ ಮೋಡ. ಒಂದು ಸೊಂಡಿಲು, ಒಂದು ಉಗುರು, ಕೆಳಗೆ ಗೆಡ್ಡೆಯ ಹೊಲದ ಸಾಲುಗಳು. ಪಕ್ಕದ ಮನೆಯ ಅಜ್ಜಿ ಅದನ್ನು ಬಹಳ ಹೊತ್ತು ನೋಡಿ, "ಏನವ್ವ ಇದು, ಹಂದಿಯೋ, ಹಾವೋ? ಏನಾದ್ರೂ ಆಗ್ಲಿ, ನಮ್ಮ ಹೊಲದ ಮೇಲೂ ಒಂದು ಬರಿ ಮಗ" ಎಂದರು.

ಕಣ್ಣನ್ನು ಕೊನೆಗೆ ಬರೆಯಬೇಕು. ಆರನೆಯ ಶತಮಾನದಲ್ಲಿ ಜಾಂಗ್ ಸೆಂಗ್ಯೂ ಎಂಬ ಚಿತ್ರಗಾರನು ಈಗಿನ ನಾನ್‌ಜಿಂಗ್ ನಗರದ ದೇವಾಲಯವೊಂದರ ಗೋಡೆಯ ಮೇಲೆ ನಾಲ್ಕು ಡ್ರ್ಯಾಗನ್ನುಗಳನ್ನು ಬರೆದು ಕಣ್ಣುಗುಡ್ಡೆ ಇಡದೆ ಬಿಟ್ಟಿದ್ದನಂತೆ. ಜನ ಬಲವಂತಪಡಿಸಿದ ಮೇಲೆ ಎರಡಕ್ಕೆ ಚುಕ್ಕೆ ಇಟ್ಟನು. ಸಿಡಿಲು ಬಡಿದು ಗೋಡೆ ಒಡೆದು ಅವೆರಡೂ ಆಕಾಶಕ್ಕೆ ಹಾರಿಹೋದವು, ಕಣ್ಣಿಲ್ಲದ ಎರಡು ಅಲ್ಲಿಯೇ ಉಳಿದವು. ನಮ್ಮಲ್ಲಿಯೂ ವಿಗ್ರಹಕ್ಕೆ ಕಣ್ಣು ತೆರೆಯುವುದು ಕೊನೆಯ ಕೆಲಸವೇ ಅಲ್ಲವೇ? ಈ ಕಥೆ ಹೇಳಿದ ಮೇಲೆ ಒಬ್ಬ ಚಿಕ್ಕ ಹುಡುಗ ತನ್ನ ಡ್ರ್ಯಾಗನ್ನಿಗೆ ಇಂದಿಗೂ ಕಣ್ಣು ಇಟ್ಟಿಲ್ಲ. ಹಾರಿಹೋದರೆ ಎಂಬ ಭಯ.

ನಮ್ಮ ತಾಯಿಯ ಮಾತನ್ನು ಹೇಳದೆ ಮುಗಿಸಲಾರೆ. ಅವರು ಓದು ಬರಹ ಕಲಿತವರಲ್ಲ. ಹುಡುಗರು ಹೆಣೆದುಕೊಂಡ ಎರಡು ಡ್ರ್ಯಾಗನ್ನುಗಳನ್ನು ಬರೆಯಲು ಹೆಣಗಾಡುತ್ತಿದ್ದಾಗ ಅವರನ್ನು ಕರೆದೆ. "ನನಗೆಲ್ಲಿ ಚಿತ್ರ ಬರುತ್ತೆ ಮಗ, ನಾನೇನು ಓದಿದ್ದೀನಾ?" ಎಂದರು. ಪ್ರತಿದಿನ ಬೆಳಗಿನ ಜಾವ ಬಾಗಿಲಿಗೆ ರಂಗೋಲಿ ಇಡುವವರ ಮಾತು ಇದು! ನಾಗರಪಂಚಮಿಯ ರಂಗೋಲಿಯನ್ನಾದರೂ ಬರೆದು ತೋರಿಸು ಎಂದೆ. ಚುಕ್ಕಿ ಇಟ್ಟು, ಕೈಯೆತ್ತದೆ, ಎರಡು ಹಾವುಗಳನ್ನು ಹೆಣೆದರು. ಒಂದು ಗೆರೆ ಇನ್ನೊಂದರ ಮೇಲೆ ಹೋದ ಕಡೆ, ಮುಂದಿನ ಸಲ ಕೆಳಗೆ ಹೋಗಿತ್ತು. ಹುಡುಗರು ತೊಡಕುತ್ತಿದ್ದದ್ದು ಅಲ್ಲಿಯೇ. ಮೂರು ಸಂಜೆ ಅವರೇ ಪಾಠ ಹೇಳಿದರು. ನಾನು ಶಿಷ್ಯರ ಸಾಲಿನಲ್ಲಿ ಕುಳಿತೆ.

ಇಷ್ಟೆಲ್ಲ ಪರೀಕ್ಷೆಗೆ ಬರುತ್ತದೆಯೇ ಎಂದು ಕೆಲವು ತಂದೆಯರು ಕೇಳಿದರು. ನ್ಯಾಯವಾದ ಪ್ರಶ್ನೆ, ನಮ್ಮ ತಂದೆಯೂ ಕೇಳಿದರು. ಅದಕ್ಕೂ ಚೀನೀಯರಲ್ಲಿ ಒಂದು ಕಥೆಯಿದೆ. ಹಳದಿ ನದಿಯಲ್ಲಿ 'ಡ್ರ್ಯಾಗನ್ ಬಾಗಿಲು' ಎಂಬ ಇಕ್ಕಟ್ಟಾದ ಜಾಗವಿದೆ. ಗೆಂಡೆಮೀನುಗಳು ಪ್ರವಾಹಕ್ಕೆದುರಾಗಿ ಈಜಿ ಬರುತ್ತವೆ. ಆ ಬಾಗಿಲನ್ನು ಹಾರಿ ದಾಟಿದ ಮೀನು ಡ್ರ್ಯಾಗನ್ ಆಗುತ್ತದೆ. ಹಳ್ಳಿಯ ಬಡವನ ಮಗನು ಸಾಮ್ರಾಜ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ, ಗೆಂಡೆ ಬಾಗಿಲು ಹಾರಿತು ಎಂದು ಅವರು ಹೇಳುತ್ತಿದ್ದರು. ನಾನು ಈ ಕಥೆಯನ್ನು ನಮ್ಮ ತಂದೆಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಹಾರಿದ ಮೇಲೆ ಅದು ನೀರಿಗೆ ವಾಪಸು ಬರುತ್ತಾ?" ಎಂದು ಕೇಳಿದರು. ಮಳೆಯಾಗಿ ಬರುತ್ತದೆಂದು ಹೇಳಿದೆ. ಒಂದು ಕ್ಷಣ ಕಳೆದು, ಅದರ ಹುರುಪೆ ಹಾಗೇ ಉಳಿಯುತ್ತದೆಂದೂ ಹೇಳಿದೆ.

ಒಂದು ವಿಷಯ ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಚೀನಾದಲ್ಲಿ ಪೂರ್ವದಿಕ್ಕಿನ ಡ್ರ್ಯಾಗನ್ನಿನ ಬಣ್ಣ ನೀಲಿಯೋ ಹಸುರೋ ಎಂಬಂಥದು. ಅದು ವಸಂತದ ಬಣ್ಣ. ಹಳೇಬೀಡಿನ ಮಕರ ಬರಿಯ ಕಲ್ಲಿನ ಬಣ್ಣ. ನಮ್ಮ ಮಕರಕ್ಕೆ ಯಾವ ಬಣ್ಣ ಬಳಿಯಬೇಕೆಂದು ಹುಡುಗರಲ್ಲಿ ಎರಡು ಪಕ್ಷಗಳಾಗಿವೆ. ಗೆಡ್ಡೆಯ ಎಲೆಯ ಹಸುರು ಎಂದು ಒಂದು ಪಕ್ಷ. ಮಳೆ ಬರುವ ಮೊದಲಿನ ಮೋಡದ ಕಪ್ಪು ಎಂದು ಇನ್ನೊಂದು. ಹಸುರಿಗೆ ಯಾವ ಸೊಪ್ಪು ನಿಲ್ಲುತ್ತದೆಂದು ನಮ್ಮ ತಾಯಿಯನ್ನು ಕೇಳಿಕೊಂಡು ಬರಲು ಇಬ್ಬರು ಹೋಗಿದ್ದಾರೆ.